ಅಟೆಂಡರಣ್ಣನ ಕೈ

ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದವಳು, ಕಂಡದ್ದನ್ನಷ್ಟೇ ಹೇಳುತ್ತೇನೆ. ಚಳಿಗಾಲದ ಪ್ರಾಕ್ಟಿಕಲ್ ಪರೀಕ್ಷೆಗಳಲ್ಲಿ ನಮ್ಮ ಅಟೆಂಡರಣ್ಣ ಹೆಬ್ಬೆರಳಿಲ್ಲದ ತನ್ನ ಕೈಯನ್ನು ಮಕ್ಕಳ ಗಾಜಿನ ತಟ್ಟೆಯಡಿ ಹಿಡಿದು ತಟ್ಟೆಯನ್ನು ಬೆಚ್ಚಗೆ ಮಾಡುತ್ತಿದ್ದ. ಬೆಚ್ಚಗಾದರೆ ಬಣ್ಣ ಬೇಗ ಬದಲಾಗುತ್ತದೆ, ಕೆಂಪು ದ್ರಾವಣದಲ್ಲಿ ತಾನಾಗಿ ನೀಲಿ ಉಂಗುರಗಳು ಏಳುತ್ತವೆ. ಅವನು ತೀರಿಕೊಂಡ ವರ್ಷ, ಒಬ್ಬ ಹುಡುಗಿಯ ತಟ್ಟೆಯಲ್ಲಿ ಕೆಂಪು ದ್ರಾವಣ ಮಿಸುಕಲೇ ಇಲ್ಲ. ನೀಲಿ ಉಂಗುರಗಳು ಏಳದಿದ್ದರೆ ಅವಳು ಫೇಲು. ನಾನು ಕೈ ಹಾಕುವಂತಿಲ್ಲ. ನಿಂತಲ್ಲಿ ನಿಲ್ಲಲಾರದೆ ಓಡಾಡುತ್ತಿದ್ದೆ.

“ಕೂತ್ಕೊಳ್ಳಿ ಮೇಡಂ, ಪರೀಕ್ಷೆ ನಿಮಗಲ್ಲ,” ಎಂದರು ಪರೀಕ್ಷಕರು.

ಅಷ್ಟರಲ್ಲಿ ದ್ರಾವಣದಲ್ಲಿ ಸಾಲಾಗಿ ನಾಲ್ಕು ನೀಲಿ ಚುಕ್ಕೆಗಳು ಮೂಡಿ, ಉಂಗುರಗಳಾಗಿ ಹರಡಿದವು.

“ಏನು ಮಾಡಿದೆಯಮ್ಮಾ?” ಎಂದೆ.

“ನಾನು ಮುಟ್ಟೇ ಇಲ್ಲ ಮೇಡಂ.”

ಸಂಜೆ ಆ ತಟ್ಟೆಯನ್ನು ತಣ್ಣೀರಲ್ಲಿ ತೊಳೆದೆ. ಎಷ್ಟು ತೊಳೆದರೂ ತಳದಲ್ಲಿ ನಾಲ್ಕು ಕಡೆ ಬೆಚ್ಚಗೇ ಇತ್ತು.