ಹಿಂದಿನಿಂದ ಕರೆದವನು

"ಕೂಸು ಬೀಳತೈತಿ, ಹಿಡೀರಿ!"

ನೀಲಾ ಕೂಗಿದ್ದು ಅಪ್ಪಟ ಬಾಗೇವಾಡಿ ಕನ್ನಡದಲ್ಲಿ. ಗೋವಾದ ಕೊರ್ತಾಲಿಮ್‌ನಲ್ಲಿ, ಜುವಾರಿ ನದಿಯ ದಂಡೆಯಲ್ಲಿ, ಅದು ಯಾರಿಗೆ ಅರ್ಥವಾಗಬೇಕು? ಗಾಬರಿಯಾದಾಗ ಬಾಯಿಗೆ ಬರುವುದು ಮನೆಯ ಮಾತೇ, ಏನು ಮಾಡುವುದು.

ರಿಪೇರಿಗೆಂದು ದಂಡೆಯ ಮೇಲೆ ಎತ್ತಿ ನಿಲ್ಲಿಸಿದ್ದ ಹಾಯಿದೋಣಿ ಅದು. ಮೂರು ವರ್ಷದ ಜೋಶುವಾ ಅದರ ಅಂಚಿನಿಂದ ಅರ್ಧ ಹೊರಗೆ ಬಾಗಿದ್ದ. ಅಂಚಿನ ಕಂಬಿಗೆ ಬಲೆ ಕಟ್ಟುತ್ತಿದ್ದವನೊಬ್ಬ ಥಟ್ಟನೆ ಹುಡುಗನ ಚಡ್ಡಿ ಹಿಡಿದ. ನೀಲಾ ಏಣಿ ಹತ್ತಿ ಬಂದು ಮಗುವನ್ನು ಎದೆಗೆ ಅವಚಿಕೊಂಡಳು. ಆಮೇಲೆ ಸಿಟ್ಟು ಬಂತು.

"ಬಲಿ ಕಟ್ಟಾಕ ಬಂದಾನೋ, ಗಾಳಿ ಕುಡ್ಯಾಕ ಬಂದಾನೋ," ಎಂದು ಗೊಣಗಿದಳು.

"ಬಲಿ ಕಟ್ಟಾಕ ಬಂದೇನ್ರಿ. ಇನ್ನೂ ಅರ್ಧಾ ಉಳದೈತಿ, ಅದಕ್ಕ ಹುಡುಗ ಬಗ್ಗಿದ."

ನೀಲಾ ತಲೆ ಎತ್ತಿದಳು. ಕಿವಿ ಬಿಸಿಯಾಯಿತು. "ನೀವು... ಯಾವೂರವರ‍್ರಿ?"

"ನವಲಗುಂದ. ನನ್ನ ಹೆಸರು ಯಮನೂರ."

ಅವನು ನಗಲಿಲ್ಲ. ಆದರೆ ಕಣ್ಣು ನಕ್ಕವು. ನೀಲಾ ಅದನ್ನು ನೋಡಿದಳು, ನೋಡಿಲ್ಲ ಎಂಬಂತೆ ಮಗುವಿನ ಮೂಗು ಒರೆಸಿದಳು.

ಆ ದೋಣಿ ಫಾತೋರ್ಡಾದ ಸಾವಿಯೋ ಮತ್ತು ಲೊರೇನಾ ದಂಪತಿಯದು. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ವರ್ಷಗಟ್ಟಲೆ ಸಮುದ್ರದ ಮೇಲೇ ಬದುಕುತ್ತೇವೆ ಎಂದು ಹೊರಟವರು. ಮಕ್ಕಳು ನೀರಿಗೆ ಬೀಳದಂತೆ ದೋಣಿಯ ಸುತ್ತ ಬಲೆ ಕಟ್ಟಲು, ಮೀನು ಬಲೆ ಹೆಣೆಯುತ್ತಿದ್ದ ಯಮನೂರನನ್ನು ಕರೆಸಿದ್ದರು. ಆ ಮಕ್ಕಳನ್ನು ಹುಟ್ಟಿದಾಗಿನಿಂದ ಸಾಕಿದವಳು ನೀಲಾ. ಆರು ವರ್ಷದ ಆನ್ಯಾ ಕೊಂಕಣಿಗಿಂತ ಮೊದಲು ಕಲಿತದ್ದು "ನೀಲಕ್ಕ, ಹಸಿವಾಗೇತಿ" ಎನ್ನುವುದನ್ನು.

ಈಗ ಆ ಮಕ್ಕಳು ಹೊರಟಿದ್ದರು. ನೀಲಾಗೆ ಬೇರೆ ಯಾರಿದ್ದರು? ತಂದೆತಾಯಿ ಇಲ್ಲ. ಅಣ್ಣ ಹಬ್ಬಕ್ಕೊಮ್ಮೆ ಫೋನ್ ಮಾಡಿದರೆ ಅದೇ ದೊಡ್ಡದು. ಪಕ್ಕದ ಖೋಲಿಯ ಮೀನಾ ವೆರ್ಣಾದ ಕಂಪನಿ ಬಸ್ಸು ಹತ್ತಿ ಹೋದರೆ ಮುಖ ಕಾಣುವುದೇ ಅಪರೂಪ. ಸಂಜೆ ಖೋಲಿಗೆ ಬಂದು ದೀಪ ಹಾಕಿದರೆ, ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಅದನ್ನು ಸರಿಸುವವರೂ ಇಲ್ಲವಲ್ಲ ಎಂದು ಅವಳಿಗೆ ಅಳು ಬರುತ್ತಿತ್ತು.

ಅಂಥ ಹೊತ್ತಿನಲ್ಲಿ ಯಮನೂರ ಬಂದ.

ತಯಾರಿ ನಡೆದಿತ್ತು. ಮಕ್ಕಳ ಮಂಚಕ್ಕೆ ಅವರು ಹೊರಳಿ ಬೀಳದಂತೆ ಬಟ್ಟೆಯ ತಡೆ, ಮುಂದಿನ ತರಗತಿಗಳ ಪುಸ್ತಕ, ಈಗಿನ ಕಾಲಿಗೆ ದೊಡ್ಡದಾಗುವ ಚಪ್ಪಲಿ. ನೀರಿಗೆ ಬೀಳದಂತೆ ದೋಣಿಗೆ ಹಗ್ಗದಿಂದ ಕಟ್ಟುವ ಸೊಂಟದ ಪಟ್ಟಿ ಅಭ್ಯಾಸವಾಗಲಿ ಎಂದು ಮಕ್ಕಳನ್ನು ಊಟದ ಮೇಜಿಗೆ ಹಗ್ಗದಿಂದ ಕಟ್ಟಿ ಉಣಿಸುವುದು ಬೇರೆ! ನೀಲಾಳ ಪಾಲಿಗೆ ಬಂದದ್ದು ಸಜ್ಜಿಯ ಕಡಕ್ ರೊಟ್ಟಿ. ತಿಂಗಳುಗಟ್ಟಲೆ ಕೆಡದ ಊಟ ಬೇರೆ ಯಾವುದಿದೆ? ಬಡಿದು, ಸುಟ್ಟು, ಆರಿಸಿ, ಡಬ್ಬಿ ತುಂಬಿ ದೋಣಿಗೆ ತರುತ್ತಿದ್ದಳು. ತಂದಾಗಲೆಲ್ಲ ಶೇಂಗಾ ಚಟ್ನಿ ಹಚ್ಚಿದ ಒಂದೆರಡು ರೊಟ್ಟಿ ಬೇರೆ ಕಟ್ಟಾಗಿರುತ್ತಿದ್ದವು. ಯಾರಿಗೆಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ದೋಣಿಯ ನೆರಳಲ್ಲಿ ಕೂತು ತಿನ್ನುತ್ತಿದ್ದ.

"ನಮ್ಮ ಅವ್ವನ ಕೈರುಚಿ ನೆನಪಾತ್ರಿ," ಎಂದ ಒಮ್ಮೆ.

ಆ ಒಂದು ಮಾತು ಮೆಲುಕು ಹಾಕುತ್ತಲೇ ನೀಲಾ ಮನೆ ಸೇರಿದಳು. ಅಂದು ಖೋಲಿ ಅಷ್ಟು ಖಾಲಿ ಅನಿಸಲಿಲ್ಲ.

ಹೀಗಿರುವಾಗ ಲೊರೇನಾ ಕೊಂಕಣಿಯಲ್ಲಿ ಕೇಳಿದಳು. "ನೀಲಾ, ನೀನೂ ಬಾ. ಒತ್ತಾಯವಿಲ್ಲ, ನಾವಿಬ್ಬರೇ ನಿಭಾಯಿಸಲು ಕಲಿತಿದ್ದೇವೆ. ಹೊರಡುವ ದಿನ ಬೇಡ ಅಂದರೂ ಬೇಜಾರಿಲ್ಲ. ಆದರೆ ದೋಣಿಯಲ್ಲಿ ನಿನಗೊಂದು ಜಾಗ ಇಟ್ಟಿದ್ದೇವೆ."

ನೀಲಾ ನೇರ ಯಮನೂರನ ಬಳಿ ಬಂದಳು. 'ಬ್ಯಾಡ ಅನ್ಲಿ... ಒಂದ ಸಲ ಅನ್ಲಿ ಸಾಕು.'

"ಮೇಡಂ ನನ್ನೂ ಕರಿಯಾಕತ್ತಾರ‍್ರಿ. ಹಡಗಿನ್ಯಾಗ."

ಗಂಟು ಹಾಕುತ್ತಿದ್ದ ಕೈ ನಿಂತಿತು. ಹಾಕಿದ ಗಂಟನ್ನೇ ಬಿಚ್ಚಿ ಮತ್ತೆ ಹಾಕಿದ.

"ಚಲೋ ಆತಲ್ರಿ," ಎಂದ ಕೊನೆಗೆ. "ಹಂಗಾರ ನಿಮಗೂ ಪಟ್ಟಿ ಹೊಲೀಬೇಕು. ಸೊಂಟದ ಅಳತಿ ಕೊಡ್ರಿ."

ಹಗ್ಗದ ತುದಿ ಅವಳ ಕೈಗೇ ಕೊಟ್ಟ. ನೀಲಾ ತಾನೇ ಸುತ್ತಿ ಅಳತೆ ಕೊಟ್ಟಳು. ಅವನು ಬೆನ್ನು ತಿರುಗಿಸಿ ಹಗ್ಗಕ್ಕೆ ಗುರುತು ಹಾಕಿದ. ಅವಳ ಎದೆ ಒಡೆಯಿತು. ಇಷ್ಟೇ ಏನು? ರೊಟ್ಟಿ ತಿಂದ ಋಣಕ್ಕಾದರೂ ಒಂದು ಮಾತು ಬೇಡವೇ?

ಅಂದೇ ಲೊರೇನಾಗೆ ಹೂಂ ಎಂದಳು.

ಯಮನೂರ ಕಲ್ಲು ಮನಸ್ಸಿನವನಲ್ಲ ಕಣ್ರೀ. ನೀಲಾಗೆ ಗೊತ್ತಿರದಿದ್ದದ್ದು ನಮಗಾದರೂ ಗೊತ್ತಿರಲಿ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹಿಂದಿನಿಂದ ಕರೆಯಬಾರದು, ಕರೆದರೆ ಅವರು ಕೂತು ನೀರು ಕುಡಿದೇ ಹೋಗಬೇಕು. ಇದು ಅವರಿಬ್ಬರ ಕಡೆಯ ಪದ್ಧತಿ, ನೀಲಾಗೂ ಗೊತ್ತು; ಗೊತ್ತಿರದದ್ದು ಅವನ ಅಣ್ಣನ ಕತೆ. ಅವನ ಅಣ್ಣ ಮೀನುಗಾರಿಕೆ ಬೋಟು ಹತ್ತಲು ಹೊರಟಾಗ, ಅವನು ಮರೆತ ಬುತ್ತಿ ಹಿಡಿದು ಯಮನೂರ "ಅಣ್ಣಾ" ಎಂದು ಕೂಗಿದ್ದ. ಅಣ್ಣ ತಿರುಗಿ ಬಂದು ಬುತ್ತಿ ಇಸಿದುಕೊಂಡು, ಕೂರದೆ ಓಡಿದ್ದ. ಮತ್ತೆ ಬರಲಿಲ್ಲ. ಅಂದಿನಿಂದ ಯಮನೂರ ಹೊರಟ ಯಾರನ್ನೂ ತಡೆದವನಲ್ಲ. ನೀರಿನ ಮೇಲೆ ಹೊರಟ ನೀಲಾಳನ್ನು ತಡೆಯುವುದೇ? ಅವಳ ಜೀವಕ್ಕೇ ಕುತ್ತು ಎಂದು ನಾಲಗೆ ಕಚ್ಚಿ ಹಿಡಿದಿದ್ದ. ಅವಳ ಪಟ್ಟಿಗೆ ಮಾತ್ರ ಒಂದು ಸಾಲದೆಂದು ಎರಡು ಹೊಲಿಗೆ ಹಾಕಿದ.

ಹೊರಡುವ ಬೆಳಿಗ್ಗೆ ಹಾಯಿದೋಣಿ ನದಿಯ ನಡುವೆ ನಿಂತಿತ್ತು. ಕಟ್ಟೆಯ ತುದಿಯಲ್ಲಿದ್ದ ಸಣ್ಣ ದೋಣಿಯಲ್ಲಿ ಎಲ್ಲರೂ ಕೂತಾಗಿತ್ತು. ನೀಲಾ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಚೀಲ ಹಿಡಿದು ಯಮನೂರನ ಮುಂದೆ ನಿಂತಳು.

"ಬರ‍್ತೇನ್ರಿ."

ಅವನು ತಲೆಯಾಡಿಸಿದ.

"ಏನೂ ಹೇಳಂಗಿಲ್ಲೇನ್ರಿ?"

"ಪಟ್ಟಿ ಬಿಗಿ ಐತೇನು ನೋಡಕೋರಿ."

ಸಾಕು. ಇನ್ನು ಕೇಳುವುದಿಲ್ಲ. ನೀಲಾ ತಿರುಗಿ ನಡೆದಳು. ಕಣ್ಣು ತುಂಬಿ ದೋಣಿ ಮಸುಕಾಯಿತು. ಈ ಊರಲ್ಲಿ ತಾನಿದ್ದೆ ಎಂದು ನೆನೆಯಲು ಒಂದು ಜೀವವೂ ಇಲ್ಲ ಅಂದುಕೊಂಡಳು.

"ನೀಲಾ!"

ಕಾಲು ನಿಂತವು. 'ರೀ' ಇಲ್ಲ, 'ಅವರೇ' ಇಲ್ಲ. ಬರೀ ಹೆಸರು.

ತಿರುಗಿದಳು. ಯಮನೂರ ಎರಡು ಹೆಜ್ಜೆ ಮುಂದೆ ಬಂದಿದ್ದ.

"ಹೊಂಟವರನ್ನ ಹಿಂದಿಂದ ಕರೀತಾರೇನ್ರಿ ಯಾರರೆ?" ಅವಳ ದನಿ ಒಡೆದಿತ್ತು.

"ಕರೀಬಾರದು. ಗೊತ್ತೈತಿ. ನಮ್ಮಣ್ಣನ್ನ ಹಿಂಗ ಕರದಿದ್ದೆ, ಅಂವ ಕೂಡ್ರದ ಹೋದ. ಹೊಳ್ಳಿ ಬರಲಿಲ್ಲ. ಅದಕ್ಕ ಇಷ್ಟ ದಿನ ಬಾಯಿ ಬಿಡಲಿಲ್ಲ."

"ಮತ್ತ ಈಗ್ಯಾಕ ಕರದ್ರಿ?"

"ಹೋಗಬ್ಯಾಡ ಅನ್ನಾಕ. ನೀ ಹೋದ್ರ ನನಗ ಯಾರೂ ಇಲ್ಲ."

ನೀಲಾ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ದೋಣಿಯ ಬಳಿ ಹೋಗಿ ಮೊಣಕಾಲೂರಿ ಕೂತಳು. ಲೊರೇನಾಗೆ ಕನ್ನಡ ಬರದು, ಆದರೂ ಎಲ್ಲ ತಿಳಿದಿತ್ತು. ನೀಲಾಳ ಕೈ ಒತ್ತಿದಳು.

"ನೀಲಕ್ಕ, ನೀ ಬರಂಗಿಲ್ಲೇನು?" ಆನ್ಯಾ ಕೇಳಿದಳು.

"ಇಲ್ಲ ಬಂಗಾರ. ರೊಟ್ಟಿ ಡಬ್ಬಿ ಮುಚ್ಚಿಟ್ಟು ತಿನ್ರಿ. ತಮ್ಮನ್ನ ಬಲಿ ಹತ್ರ ಬಿಡಬ್ಯಾಡ."

"ಮತ್ತ ಇಲ್ಲಿ ನೀ ಒಬ್ಬಾಕೀನ ಆಗ್ತಿ?"

ನೀಲಾ ಇಬ್ಬರನ್ನೂ ಅಪ್ಪಿಕೊಂಡಳು. ಜೋಶುವಾ ಅವಳ ಕುತ್ತಿಗೆ ಬಿಡಲಿಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ದೋಣಿ ಹೊರಟಿತು. ಮಕ್ಕಳ ಹೆಸರು ಅವಳ ನಾಲಗೆಗೆ ಬಂತು, ಹೊರಟವರನ್ನು ಕರೆಯಬಾರದೆಂದು ನುಂಗಿಕೊಂಡಳು. ದೂರದಲ್ಲಿ ಹಾಯಿ ಬಿಚ್ಚಿಕೊಂಡಿತು, ಸಣ್ಣದಾಯಿತು. ಅವಳು ಕಟ್ಟೆಯ ಮೇಲೆ ಕುಸಿದು ಅತ್ತಳು.

ಯಮನೂರ ನೀರಿನ ಬಾಟಲಿ ತಂದು ಪಕ್ಕದಲ್ಲಿ ಕೂತ.

"ಕರದೇನಲ್ಲ, ಕುಂತು ನೀರು ಕುಡದ ಹೋಗಬೇಕು."

ಅವಳು ಅರ್ಧ ಕುಡಿದಳು. "ಕುಡದ ಮ್ಯಾಲೆ ಎಲ್ಲಿಗೆ ಹೋಗ್ಲಿ?"

"ಹೊಂಟವರನ್ನ ಎಲ್ಲಿಗೆ ಅಂತ ನಾ ಕೇಳಂಗಿಲ್ಲ."

ನೀಲಾ ಅಳುತ್ತಲೇ ನಕ್ಕಳು. ಸೊಂಟದ ಪಟ್ಟಿ ಬಿಚ್ಚಿ ಅವನ ಮಡಿಲಲ್ಲಿಟ್ಟು, ಉಳಿದ ನೀರು ಅವನ ಕೈಗೆ ಕೊಟ್ಟಳು.

"ನೀವೂ ಕುಡೀರಿ. ಇಬ್ಬರೂ ಕೂಡೇ ಹೋಗೂಣು."