ಮಾದಮ್ಮನ ಮೂರನೇ ಫೋಟೊ

ಕಳ್ಳ ಅಳುತ್ತಾನೆಯೇ? ಅಥವಾ ಗಾಬರಿಯಲ್ಲಿ ಏಟು ತಿಂದವನಿಗೇ ಹಾಗೆ ಕೇಳಿಸಿತೇ? ಪಾಂಡವಪುರ ಠಾಣೆಯ ಇನ್‌ಸ್ಪೆಕ್ಟರ್ ಧರ್ಮೇಂದ್ರ ದೂರನ್ನು ಮತ್ತೊಮ್ಮೆ ಓದಿದರು.

ದೂರು ಕೊಟ್ಟವನು ಸಂತೋಷ್. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನ ಕಂಪ್ಯೂಟರ್ ರಿಪೇರಿ ಅಂಗಡಿ. ಸೋಮವಾರ ಸಂಜೆ ಏಳಕ್ಕೆ ಶಟರ್ ಎಳೆಯುವಾಗ ಹೆಲ್ಮೆಟ್ ಹಾಕಿದ ಒಬ್ಬ ಒಳನುಗ್ಗಿ, ಸ್ಪ್ಯಾನರಿನಿಂದ ಅವನ ಭುಜಕ್ಕೆ ಹೊಡೆದು, ಮೇಜಿನ ಮೇಲಿದ್ದ ಕೆಟ್ಟ ಹಾರ್ಡ್ ಡಿಸ್ಕ್ ಒಂದನ್ನು ಎತ್ತಿಕೊಂಡು ಓಡಿದ್ದ. ಪಕ್ಕದಲ್ಲೇ ಇದ್ದ ಹೊಸ ಲ್ಯಾಪ್‌ಟಾಪುಗಳನ್ನು ಮುಟ್ಟಿರಲಿಲ್ಲ.

“ಅಳ್ತಿದ್ದ ಅಂತ ಹೇಗೆ ಗೊತ್ತು?”

“ಹೆಲ್ಮೆಟ್ ಒಳ್ಗಿಂದ ಕೇಳ್ತಿತ್ತು ಸಾ. ಬಿಕ್ಕಳಿಸ್ತಿದ್ದ. ‘ನೋಡ್ದಾ? ಯೋಳ್ಲಾ, ನೋಡ್ಬುಟ್ಟಾ?’ ಅಂತ ಕೇಳ್ದ.”

“ಏನನ್ನ?”

“ಅದೇ ಗೊತ್ತಿಲ್ಲ ಸಾ. ನಾನಿನ್ನೂ ಒಂದ್ ಫೈಲೂ ತೆಗ್ದಿರ್ನಿಲ್ಲ.”

ಎಫ್‌ಐಆರ್ ದಾಖಲಾಯಿತು.

ಮಂಗಳವಾರ ಬೆಳಗ್ಗೆ ಅಂಗಡಿಯಲ್ಲಿ ಪಂಚನಾಮೆ ನಡೆಯಿತು. ಡಿಸ್ಕ್ ತಂದುಕೊಟ್ಟವಳು ಚಿನಕುರಳಿಯ ಸ್ನೇಹ. ಅವಳ ಗಂಡ ಪುಟ್ಟರಾಜು ಫೋಟೊಗ್ರಾಫರ್. ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಅಲ್ಲಿದ್ದ ಕಂಪ್ಯೂಟರ್ ಕ್ರ್ಯಾಶ್ ಆಗಿತ್ತು.

“ಯಜಮಾನ್ರಿಗೆ ಯೋಳ್ಬ್ಯಾಡಿ ಅಂದಿದ್ರು ಆ ಅಕ್ಕ,” ಎಂದ ಸಂತೋಷ್. “ಮಗೀನ್ ಫೋಟೊ ಬೇಕಿತ್ತಂತೆ. ಹೋದ್ ವರ್ಸ ಜ್ವರದಲ್ಲಿ ತೀರೋಯ್ತಂತೆ ಸಾ.”

“ಇನ್ನೆಲ್ಲಿ ಫೋಟೊ ಬುಡ್ಲಾ,” ಎಂದರು ಹೆಡ್ ಕಾನ್‌ಸ್ಟೆಬಲ್ ಕರಿಯಪ್ಪ. ಅವರದೂ ಚಿನಕುರಳಿಯೇ.

ಸಂತೋಷ್ ದನಿ ತಗ್ಗಿಸಿದ. “ಇಲ್ಲ ಕಣಣ್ಣ. ಕೆಟ್ಟಿರೋ ಡಿಸ್ಕಿಗೆ ನಾವು ಸುಮ್ಸುಮ್ನೆ ಕೈ ಇಕ್ಕಲ್ಲ. ಯಾವಾಗ ಪೂರ್ತಿ ಸಾಯ್ತದೋ ಗೊತ್ತಿರಲ್ವಲ್ಲ. ಮೊದ್ಲು ಅಂಗೇ ಇಡಿಯಾಗಿ ಕಾಪಿ ಎತ್ಕೊಂಡು, ಆ ಕಾಪೀಲಿ ಹುಡ್ಕೋದು. ಅದು ನಮ್ಮನೇಲದೆ.”

ಧರ್ಮೇಂದ್ರ ಓಣಿಯ ತುದಿಯತ್ತ ನೋಡಿದರು. ಅಲ್ಲೊಂದು ಬೈಕ್ ನಿಂತಿತ್ತು. ಸವಾರ ಹೆಲ್ಮೆಟ್ ತೆಗೆದಿರಲಿಲ್ಲ. ಅವರು ಎರಡು ಹೆಜ್ಜೆ ಇಡುವಷ್ಟರಲ್ಲಿ ಬೈಕ್ ಹೊರಟುಹೋಯಿತು.

“ಕಾಪಿ ಇರೋದು ಯಾರಿಗೂ ಗೊತ್ತಾಗಬಾರದು. ಈಗಲೇ ಠಾಣೆಗೆ ತಾ.”

ಚಿನಕುರಳಿಯ ಮನೆಯಲ್ಲಿ ಪುಟ್ಟರಾಜು ಇರಲಿಲ್ಲ. ಮುಂದಿನ ಕೋಣೆಯ ಗೋಡೆಯ ತುಂಬ ಕಟ್ಟು ಹಾಕಿದ ಮುದುಕ ಮುದುಕಿಯರ ಫೋಟೊಗಳು. ಎಲ್ಲರ ಕಣ್ಣಿಗೂ ಒಂದೇ ಬಗೆಯ ಹೊಳಪು.

“ಇವೆಲ್ಲ ಸತ್ಮೇಲೆ ತೆಗ್ದವು ಸಾ,” ಎಂದರು ಕರಿಯಪ್ಪ. “ಹೆಣ ಎತ್ತೋಕ್ ಮುಂಚೆ ಕುರ್ಚೀಲಿ ಕೂರ್ಸಿ ತೆಗೀತಾರಲ್ಲ. ಇವ್ನು ಕಂಪ್ಯೂಟರಲ್ಲಿ ಕಣ್ ತೆರುಸ್ತಾನೆ. ನಮ್ಮಪ್ಪಂದೂ ಇವ್ನೇ ಮಾಡ್ಕೊಟ್ಟಿದ್ದು. ಬದ್ಕಿದ್ದಾಗ ನಮ್ಮಪ್ಪ ಅಷ್ಟಗಲ ಕಣ್ ಬುಟ್ಟೋನೇ ಅಲ್ಲ.”

ದೂರದ ಕ್ವಾರಿಯಲ್ಲಿ ಸಿಡಿತ ಕೇಳಿಸಿತು. ಗೋಡೆಯ ಗಾಜುಗಳೆಲ್ಲ ಒಟ್ಟಿಗೆ ಅದುರಿದವು. ಸ್ನೇಹ ಬೆಚ್ಚಿ ಬಾಗಿಲು ಹಿಡಿದುಕೊಂಡಳು.

“ಕಂಪ್ಯೂಟರ್ ಯಾವಾಗ ಕೆಟ್ಟಿತಮ್ಮ?”

“ನಮ್ಮೂರ್ ಮಾದಜ್ಜಿ ತೀರೋಗಿ ಮಣ್ ಮಾಡಿದ್ ವಾರ್ದಲ್ಲೇ ಸಾ. ಕರೆಂಟ್ ಹೋಗ್ ಬಂದು ಕೆಟ್ಟೋಯ್ತು ಅಂದ್ರು. ರಿಪೇರಿಗೆ ಕೊಡಿ ಅಂದ್ರೆ ಮೈಮ್ಯಾಲೇ ಬರೋರು. ಅಟ್ಟದ್ ಮ್ಯಾಲ್ ಎಸ್ದುಬುಟ್ರು. ನಮ್ ಮಗು ಅಪ್ಪು ಫೋಟೊ ಇನ್ನೆಲ್ಲೂ ಇಲ್ಲ ಸಾ, ಎಲ್ಲಾ ಅದ್ರಲ್ಲೇ ಇರೋದು.”

“ಅಂಗಡಿಗೆ ಕೊಟ್ಟಿದ್ದು ಗಂಡನಿಗೆ ಹೇಳಿದ್ರಾ?”

“ಭಾನ್ವಾರ ಯೋಳ್ಬುಟ್ಟೆ. ಖುಸಿ ಪಡ್ತಾರೆ ಅನ್ಕೊಂಡಿದ್ದೆ. ಮುದ್ದೆ ತಟ್ಟೆ ಅಂಗೇ ಬುಟ್ಟು ಎದ್ದೋದ್ರು. ನಿನ್ನೆ ರಾತ್ರಿ ಬಂದು ನೀರೊಲೆ ಮುಂದೆ ಕೂತಿದ್ರು, ಬೆಳಗ್ಗೆ ನೋಡುದ್ರೆ ಇಲ್ಲ.”

ಬಚ್ಚಲ ಮನೆಯ ನೀರೊಲೆಯ ಬೂದಿಯನ್ನು ಕರಿಯಪ್ಪ ಕೋಲಿನಿಂದ ಕೆದಕಿದರು. ಸೊಟ್ಟಗಾದ ಒಂದು ಲೋಹದ ಪೆಟ್ಟಿಗೆ, ಕಪ್ಪಾದ ಒಂದು ದುಂಡು ಬಿಲ್ಲೆ ಹೊರಬಂದವು. ಅವನ್ನು ಮಹಜರಿನಲ್ಲಿ ಬರೆದುಕೊಳ್ಳುವಾಗ ಸ್ನೇಹ ಹತ್ತಿರ ಬಂದಳು.

“ಅದ್ರೊಳ್ಗೇನಾ ಸಾ ನಮ್ಮಪ್ಪು ಇದ್ದುದ್ದು?”

ಕಾಪಿ ಇರುವುದನ್ನು ಧರ್ಮೇಂದ್ರ ಅವಳಿಗೂ ಹೇಳುವಂತಿರಲಿಲ್ಲ. ಪುಟ್ಟರಾಜು ಇನ್ನೂ ಸಿಕ್ಕಿರಲಿಲ್ಲ. ಸ್ವಂತ ಮಗುವಿನ ಮುಖವನ್ನೂ ನೀರೊಲೆಗೆ ಹಾಕುವಂಥದ್ದು ಆ ಡಿಸ್ಕಿನಲ್ಲಿ ಇನ್ನೇನಿತ್ತು?

ಸಂಜೆ ಐದಕ್ಕೆ ಠಾಣೆಯಲ್ಲಿ ಪಂಚರ ಎದುರು ಸಂತೋಷ್ ಕಾಪಿಯನ್ನು ತೆರೆದ. ಹೆಸರಿಲ್ಲದ ಫೋಟೊಗಳು ಒಂದೊಂದಾಗಿ ಮರಳತೊಡಗಿದವು. ಅಪ್ಪು ತೊಟ್ಟಿಲಲ್ಲಿ, ಅಪ್ಪು ಬೋಸಿಪಾತ್ರೆಯ ನೀರಿನಲ್ಲಿ. ಮದುವೆಗಳು, ಗೃಹಪ್ರವೇಶಗಳು. ಕೊನೆಯಲ್ಲಿ, ಮಣ್ಣು ಮಾಡಿದ ದಿನದ ಮಾದಜ್ಜಿ, ಮಾದಮ್ಮ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದಾರೆ. ಕೊರಳಲ್ಲಿ ಸೇವಂತಿಗೆ ಹಾರ, ಹಣೆಗೆ ವಿಭೂತಿ. ಹಿಂದೆ ಮಗ ಚಿಕ್ಕಮಾದಯ್ಯ, ಎಡಕ್ಕೆ ಮರಿಮಗಳು. ಮೊದಲ ಫೋಟೊದಲ್ಲಿ ಅಜ್ಜಿಯ ಕಣ್ಣು ಮುಚ್ಚಿದೆ. ಎರಡನೆಯದರಲ್ಲೂ ಮುಚ್ಚಿದೆ.

ಮೂರನೆಯದರಲ್ಲಿ ತೆರೆದಿತ್ತು.

“ಇದು ತಿದ್ದಿರೋದು,” ಎಂದರು ಕರಿಯಪ್ಪ.

ಸಂತೋಷ್ ಪರದೆಗೆ ಬಾಗಿದ. ಬಹಳ ಹೊತ್ತು ನೋಡಿದ. “ಅಲ್ಲ ಕಣಣ್ಣ. ತಿದ್ದಿಲ್ಲ. ಕ್ಯಾಮರಾದಿಂದ ಬಂದಂಗೇ ಅದೆ.”

ನಾಲ್ಕನೆಯದನ್ನು ತೆರೆದ. ಕುರ್ಚಿ ಅದೇ, ಹಾರ ಅದೇ. ಮಾದಮ್ಮನ ಕಣ್ಣು ಈಗ ಎಡಕ್ಕೆ ಹೊರಳಿ ಮರಿಮಗಳನ್ನು ನೋಡುತ್ತಿತ್ತು. ಐದನೆಯದರಲ್ಲಿ ಮತ್ತೆ ಮುಚ್ಚಿತ್ತು.

ಪಂಚರಲ್ಲೊಬ್ಬ ಎದ್ದು ಗೋಡೆಗೆ ಆತುಕೊಂಡ.

“ಡಾಕ್ಟರ್ ಬಂದು ನೋಡಿದ್ರಾ ಅವತ್ತು?” ಎಂದು ಕೇಳಿದರು ಧರ್ಮೇಂದ್ರ.

“ಇಲ್ಲ ಸಾ. ವಯಸ್ಸಾಗಿತ್ತು, ಉಸ್ರು ನಿಂತೋಯ್ತು ಅಂದ್ರು.” ಕರಿಯಪ್ಪ ತಮ್ಮ ಬಲಗೈಯನ್ನು ನೋಡಿಕೊಂಡರು. “ಗುಂಡಿಗೆ ನಾನೂ ಒಂದ್ ಹಿಡಿ ಮಣ್ ಹಾಕಿವ್ನಿ ಸಾ.”

ಬುಧವಾರ ಬೆಳಗ್ಗೆ ಕಿಕ್ಕೇರಿಯ ತಂಗಿಯ ಮನೆಯಲ್ಲಿ ಪುಟ್ಟರಾಜು ಸಿಕ್ಕ. ಓಡಲಿಲ್ಲ. ಅವನು ಮಲಗಿದ್ದ ಕೋಣೆಯ ಫೋಟೊಗಳನ್ನೆಲ್ಲ ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಿದ್ದ. ಬೈಕಿನ ಪೆಟ್ಟಿಗೆಯಲ್ಲಿ ಸ್ಪ್ಯಾನರ್ ಇತ್ತು.

“ಅಜ್ಜಿ ಕಣ್ಣು ಬಿಟ್ಟಿದ್ದನ್ನ ಮನೆಗೆ ಹೋದ್ಮೇಲೆ ಕಂಪ್ಯೂಟರಲ್ಲಿ ನೋಡಿದ್ಯಾ?” ಎಂದು ಕೇಳಿದರು ಧರ್ಮೇಂದ್ರ.

“ಇಲ್ಲ ಸಾ. ಕ್ಯಾಮರಾದಲ್ಲೇ ಕಂಡೆ.”

“ಅಂದ್ರೆ, ಹೆಣ ಎತ್ತೋ ಮೊದಲು.”

“ಊಂ.”

“ಮತ್ತೆ?”

“ತಮಟೆ ಬಡೀತಾವ್ರೆ. ಊರೆಲ್ಲಾ ನಿಂತದೆ. ದಿನಾ ಕಣ್ ತೆರ್ಸಿ ತೆರ್ಸಿ ನಂಗೇ ಇಂಗ್ ಕಾಣ್ತದೇನೋ ಅನ್ಕೊಂಡೆ. ಯೋಳುದ್ರೆ ನಗ್ತಾರೆ, ಕುಡ್ಕೊಂಡ್ ಬಂದವ್ನೆ ಅಂತಾರೆ. ಇನ್ನೊಂದ್ ತೆಗ್ದೆ. ಕಣ್ಣು ಪಕ್ಕಕ್ ಹೋಯ್ತು ಸಾ. ಆಮೇಲೆ ಮುಚ್ಕೊಂಡ್ಳು. ಚಿಕ್ಕಮಾದಣ್ಣ ‘ಆಯ್ತೇನ್ಲಾ ಪುಟ್ಟ?’ ಅಂದ.”

“ನೀನೇನಂದೆ?”

“ಆಯ್ತಣ್ಣ ಅಂದೆ.”

ಅಂಗಡಿಗೆ ನುಗ್ಗಿ ಹಲ್ಲೆ ಮಾಡಿ ಡಿಸ್ಕ್ ದೋಚಿದ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಫೋಟೊಗಳನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುವ ಮೊದಲು ಧರ್ಮೇಂದ್ರ ಸ್ನೇಹಳನ್ನು ಕರೆಸಿ, ಬೋಸಿಯ ನೀರಿನಲ್ಲಿ ಕೂತ ಅಪ್ಪುವನ್ನು ಪರದೆಯ ಮೇಲೆ ತೋರಿಸಿದರು. ಕೋರ್ಟಿನ ಅನುಮತಿ ಬಂದ ಮೇಲೆ ಪ್ರತಿ ಸಿಗುತ್ತದೆ ಎಂದರು. ಅವಳು ಪರದೆಯನ್ನು ಬೆರಳಿಂದ ಒರೆಸಿದಳು. ಗಂಡನ ಬಗ್ಗೆ ಏನೂ ಕೇಳಲಿಲ್ಲ.

ಚಿಕ್ಕಮಾದಯ್ಯನಿಗೆ ನೋಟಿಸ್ ಹೋಯಿತು. ಅವನು ಹೊರಗಿನ ಬೆಂಚಿನ ಮೇಲೆ, ಏಕೆ ಕರೆಸಿದ್ದಾರೆಂದು ತಿಳಿಯದೆ, ಟವೆಲ್ಲಿನಿಂದ ಗಾಳಿ ಬೀಸಿಕೊಳ್ಳುತ್ತ ಕುಳಿತಿದ್ದ.

ಪುಟ್ಟರಾಜುವಿಗೆ ಮಾದಮ್ಮನ ಮೇಲೆ ಹಗೆ ಇರಲಿಲ್ಲ. ಮೊದಲು ಊರು ನಗುತ್ತದೆಂದು ಹೆದರಿದ. ಮಣ್ಣು ಮುಚ್ಚಿದ ಮೇಲೆ, ತಾನು ಕಂಡೂ ಸುಮ್ಮನಿದ್ದದ್ದು ಊರಿಗೆ ತಿಳಿಯುತ್ತದೆಂದು ಹೆದರಿದ. ಎಲ್ಲರೂ ಕೈಗೆಟುಕುವಷ್ಟು ಹತ್ತಿರ ನಿಂತಿದ್ದಾಗ, ಅಜ್ಜಿ ಕಣ್ಣು ಬಿಟ್ಟಿದ್ದಾಳೆ ಎಂದು ಅವನು ಹೇಳಲಿಲ್ಲ.