ತಂತಿ ಕಚ್ಚಿ ಹಿಡಿದ ಗಿಳಿ

“ಜಗ್ಗು, ಋತೂ! ಸ್ವಲ್ಪ ಜೋರ ಮಾಡಿ ಜಗ್ಗು!”

ಅಪ್ಪ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಲೇ ಕೂಗಿದರು. ಋತುಜಾಳ ಕೈ ಮೊಣಕೈವರೆಗೂ ಪಂಜರದ ಒಳಗಿತ್ತು. ನಾಲ್ಕು ಗಿಳಿಗಳು ಆಗಲೇ ಹೊರಬಿದ್ದಿದ್ದವು. ಐದನೆಯದು ಮಾತ್ರ ಹಿಂದಿನ ತಂತಿಯನ್ನು ಕೊಕ್ಕಿನಿಂದ ಕಚ್ಚಿ ಹಿಡಿದಿತ್ತು.

“ಬರವಲ್ದ್ರಿ ಅಪ್ಪಾ!”

“ಬರ್ತೈತಿ, ಜಗ್ಗು. ಆಜಿ ಕಡೆ ನೋಡೊಮ್ಮೆ.”

ಋತುಜಾ ತಿರುಗಿ ನೋಡಿದಳು. ಬಸದಿಯ ಅಂಗಳದಲ್ಲಿ ಹಾಕಿದ್ದ ಕುರ್ಚಿಯಲ್ಲಿ ರತ್ನಾಬಾಯಿ ಆಜಿ ಕುಳಿತಿದ್ದರು. ಜೈನರ ಪರ್ಯುಷಣ ಪರ್ವದ ಹತ್ತು ದಿನವೂ ಅವರು ಉಪವಾಸವಿದ್ದರು. ಇವತ್ತು ಪಾರಣೆ, ಉಪವಾಸ ಮುಗಿಸುವ ದಿನ. ಅಮ್ಮ ಹೆಸರುಬೇಳೆಯ ನೀರಿನ ಬಟ್ಟಲು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಆದರೆ ಆಜಿ ಬಾಯಿ ತೆರೆಯುತ್ತಿರಲಿಲ್ಲ. ಪ್ರತಿ ವರ್ಷ ಅವರದೊಂದು ನೇಮ. ಪಂಜರದ ಜೀವಗಳನ್ನು ಬಿಟ್ಟ ಮೇಲೆಯೇ ನೀರು.

ಆಜಿಯ ತುಟಿ ಒಡೆದು ಬಿಳಿಚಿಕೊಂಡಿತ್ತು.

ಋತುಜಾ ಮತ್ತೆ ಗಿಳಿಯ ಕಡೆ ತಿರುಗಿದಳು. ಅದು ಒಂದೇ ಕಣ್ಣಿನಿಂದ ಅವಳನ್ನು ನೋಡುತ್ತಿತ್ತು. ಅವಳು ಕೊಕ್ಕಿನ ಸಂದಿಗೆ ಬೆರಳು ತೂರಿಸಿ ಎಳೆದಳು. ತಂತಿ ‘ಟಣ್’ ಎಂದಿತು. ಗಿಳಿ ಹೊರಬಂತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಆಜಿ ಕೈಮುಗಿದು ಬಟ್ಟಲಿಗೆ ಬಾಯಿ ಹಚ್ಚಿದರು.

ಗಿಳಿ ಹಾರಿತೋ ಬಿದ್ದಿತೋ ಋತುಜಾಳಿಗೆ ತಿಳಿಯಲಿಲ್ಲ. ಎರಡು ಸಲ ರೆಕ್ಕೆ ಬಡಿದು, ನೆಲಕ್ಕೆ ತಾಗಿಕೊಂಡೇ ಸಾಗಿ, ಮುರುಕು ಗೋಡೆಯ ಸಂದಿಯಲ್ಲಿ ಮಾಯವಾಯಿತು.

“ದಣದಿರಬೇಕು,” ಎಂದರು ಅಪ್ಪ. “ಗಿಡದಾಗ ಕುಂತು ಸುಧಾರಿಸ್ಕೊಳ್ತೈತಿ. ನೀ ಸಾಲಿಗೆ ನಡಿ, ರಿಕ್ಷಾ ಬಂತು.”

*

ಸಂಜೆ ಶಾಲೆಯಿಂದ ಬಂದು ಪುಸ್ತಕದ ಚೀಲ ಇಡುವಷ್ಟರಲ್ಲಿ ಎದುರು ಮನೆಯ ಸ್ನೇಹಲ ಓಡಿ ಬಂದಳು.

“ಏ ಋತುಜಾ, ನಮ್ಮ ಆಯಿ ನಿಮ್ಮ ಬಸ್ತಿ ಹಿಂದ ಹೋಗ್ಯಾಳ. ಬಾಕ್ಸ್ ತಗೊಂಡು!”

ಸ್ನೇಹಲಳ ತಾಯಿ ಅಲಕಾ ಮಾವಶಿಯನ್ನು ಮಿರಜಿನ ಆ ಓಣಿಯಲ್ಲಿ ಎಲ್ಲರೂ ‘ಗಿಣಿ ಬಾಯಿ’ ಎನ್ನುತ್ತಿದ್ದರು. ಅವರ ಮನೆಯಲ್ಲಿ ಕಾಕಟೀಲ್ ಎಂಬ ಪರದೇಶದ ಪುಟ್ಟ ಗಿಳಿಯೊಂದಿತ್ತು. ಅದು ಕುಕ್ಕರಿನ ಸೀಟಿ ಹೊಡೆಯುವುದನ್ನು ಕಲಿತು, ಓಣಿಯ ಹೆಂಗಸರೆಲ್ಲ ಗ್ಯಾಸ್ ಆರಿಸಲು ಓಡುವಂತೆ ಮಾಡುತ್ತಿತ್ತು. ಅಂಥ ಗಿಳಿ ಸಾಕಿದವರೆಲ್ಲ ಸೇರಿ ವಾಟ್ಸಾಪಿನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದರು. ಯಾರ ಗಿಳಿಗಾದರೂ ಹುಷಾರಿಲ್ಲದಿದ್ದರೆ ಅಲ್ಲಿ ಕೇಳುತ್ತಿದ್ದರು. ಪೆಟ್ಟು ತಿಂದ ಕಾಡುಗಿಳಿ ಎಲ್ಲಿಯಾದರೂ ಸಿಕ್ಕರೆ ಹೋಗಿ ಎತ್ತಿಕೊಂಡು ಬರುತ್ತಿದ್ದರು.

ಇಬ್ಬರೂ ಓಡಿ ಹೋದಾಗ ಬಸದಿಯ ಹಿಂದೆ ಕಾಗೆಗಳು ಗದ್ದಲ ಹಾಕುತ್ತಿದ್ದವು. ಗಟಾರದ ಪಕ್ಕದಲ್ಲಿ ಹಸಿರು ಗರಿಗಳು ಚೆಲ್ಲಿದ್ದವು. ಅಲ್ಲೇ ಒಂದು ಹಳೆಯ ಪೇಪರ್, ಅದರ ಮೇಲೊಂದು ಕಲ್ಲು. ಪೇಪರಿನ ಕೆಳಗಿನಿಂದ ಉದ್ದನೆಯ ಹಸಿರು ಬಾಲವೊಂದು ಹೊರಗೆ ಚಾಚಿತ್ತು. ಇನ್ನೊಂದು ಬಾಲವೂ ಇತ್ತು.

“ಆ ಕಡೆ ನೋಡಬ್ಯಾಡ್ರಿ,” ಎಂದಳು ಅಲಕಾ ಮಾವಶಿ. ಅಲ್ಲಿ ನಿಲ್ಲಿಸಿದ್ದ ಟೆಂಪೋವೊಂದರ ಕೆಳಗೆ ಅವಳು ಅರ್ಧ ಮೈ ತೂರಿಸಿ ಮಲಗಿದ್ದಳು. ಕೈಯಲ್ಲಿ ಟಾವೆಲ್ ಇತ್ತು. “ಬೆಕ್ಕಿನ ಕೆಲಸ. ಇನ್ನೆರಡು ಸಿಗವಲ್ಲವು. ಇದೊಂದು ಐತಿ.”

ಟಾವೆಲಿನಲ್ಲಿ ಸುತ್ತಿ ಹೊರತೆಗೆದ ಗಿಳಿಯ ಬೆನ್ನಿನ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಕೊಕ್ಕಿನ ಅಂಚಿನಲ್ಲಿ ತುಕ್ಕಿನ ಕಂದು ಗೆರೆ. ಪಂಜರದ ತಂತಿಯ ತುಕ್ಕು.

“ಇದು… ಇದು ನಾ ಬಿಟ್ಟಿದ್ದು,” ಎಂದಳು ಋತುಜಾ. “ಯಾಕ ಹಾರಲಿಲ್ಲ ಮಾವಶಿ?”

ಮಾವಶಿ ಒಂದು ರೆಕ್ಕೆಯನ್ನು ಮೆಲ್ಲಗೆ ಬಿಡಿಸಿ ತೋರಿಸಿದಳು. ಉದ್ದ ಗರಿಗಳಿರಬೇಕಾದ ಕಡೆ ಬರಿ ಮೋಟು ಕಡ್ಡಿಗಳು. ಕತ್ತರಿಯಿಂದ ಒಂದೇ ನೇರಕ್ಕೆ ಕತ್ತರಿಸಿದಂಥವು.

“ಯಾರ ಕತ್ತರಿಸ್ಯಾರ?”

“ಮಾರಾಂವ. ಹಾರಿ ಹೋಗಬಾರದಂತ.”

“ನಾವು ಹಾರಿಸಾಕಂತನ ತಗೊಂಡಿವಲ್ಲ!”

“ಅವಂಗೇನ ಬೇಟಾ. ಹಬ್ಬ ಬಂತಂದ್ರ ಬಿಡಾಕ ಗಿಣಿ ಬೇಕಂತ ಜನಾ ಕೇಳ್ತಾರ. ಕೇಳ್ತಾರಂತ ಅಂವ ಹಿಡಕೊಂಡ ಬರ್ತಾನ.”

ಋತುಜಾ ಮೋಟು ಗರಿಗಳನ್ನು ಬೆರಳಿನಿಂದ ಮುಟ್ಟಿದಳು. “ಅಂದ್ರ ನಾವ ಕೇಳದಿದ್ರ…” ಎಂದು ಶುರುಮಾಡಿ ಅಲ್ಲಿಗೇ ಬಿಟ್ಟಳು.

ಮಾವಶಿಯ ಮೊಬೈಲ್ ಮೇಲಿಂದ ಮೇಲೆ ಟಿಂಗ್ ಎನ್ನುತ್ತಿತ್ತು. ಸ್ನೇಹಲ ಓದಿ ಹೇಳಿದಳು: “ಕುಪವಾಡದಾಗ ಒಂದು ಸಿಕ್ಕೈತಂತ, ಆಯಿ. ಮಾಧವನಗರದಾಗ ಎರಡು. ಅವೂ ಹಿಂಗ ಅದಾವಂತ.”

“ಪ್ರತಿ ವರ್ಷ ಇವತ್ತಿನ ದಿನಾ ನಮ್ಮ ಗ್ರೂಪಿನವ್ರು ಬಾಕ್ಸ್ ತಯಾರ ಇಟ್ಕೊಂಡ ಕುಂದಿರ್ತೇವಿ,” ಎಂದಳು ಮಾವಶಿ.

“ನಮಗ ಯಾಕ ಹೇಳಲಿಲ್ರಿ?”

ಮಾವಶಿ ಬಾಕ್ಸಿನ ಮುಚ್ಚಳ ಹಾಕಿದಳು. “ನಿಮ್ಮ ಆಜಿ ಹತ್ತ ದಿನಾ ಉಪಾಸ ಇರ್ತಾರ. ಅವರ ಮುಂದ ನಿಂತು ಹೆಂಗ ಹೇಳ್ಲಿ?”

ಮನೆಗೆ ಬಂದು ಋತುಜಾ ಅಪ್ಪನಿಗೆ ಎಲ್ಲ ಹೇಳಿದಳು. ಅರಿಶಿನದ ವ್ಯಾಪಾರಿ ಅವರು. ಹಳದಿಯಾದ ಉಗುರುಗಳನ್ನೇ ನೋಡಿಕೊಳ್ಳುತ್ತ ಕೂತರು. ಆಮೇಲೆ, “ಆಜಿಗೆ ಹೇಳಬ್ಯಾಡ ಮತ್ತ. ಮೊದಲ ಸುಸ್ತಾಗ್ಯಾರ,” ಎಂದರು.

*

ಮರುದಿನ ಕ್ಷಮಾವಾಣಿ. ಆ ದಿನ ಚಿಕ್ಕವರು ದೊಡ್ಡವರೆನ್ನದೆ ಒಬ್ಬರಿಗೊಬ್ಬರು ಕೈಮುಗಿದು ‘ಉತ್ತಮ ಕ್ಷಮಾ’ ಎನ್ನುತ್ತಾರೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದರೆ ಕ್ಷಮಿಸು ಎಂದು ಅದರ ಅರ್ಥ. ಎದುರಿನವರು ಕೈಮುಗಿದು ಅದೇ ಮಾತನ್ನು ತಿರುಗಿ ಹೇಳಬೇಕು.

ಬೆಳಗ್ಗೆ ಸ್ನಾನ ಮುಗಿಸಿ ಬಂದ ಆಜಿ ಮೊದಲು ಋತುಜಾಳ ಮುಂದೆಯೇ ನಿಂತರು.

“ಉತ್ತಮ ಕ್ಷಮಾ, ಋತೂ.”

ಋತುಜಾ ಕೈ ಜೋಡಿಸಿದಳು. ಆದರೆ ತಿರುಗಿ ಹೇಳುವ ಮಾತು ಹೊರಡಲಿಲ್ಲ.

“ಯಾಕವಾ? ಆಜಿ ಮ್ಯಾಲ ಸಿಟ್ಟೇನು?”

“ಆಜಿ, ಅದು ತಂತಿ ಕಚ್ಚಿ ಹಿಡದಿತ್ತು!” ಋತುಜಾಳಿಗೆ ಅಳು ಬಂತು. “ಹೊರಗ ಬರಾಂಗಿಲ್ಲ ಅಂತಿತ್ತು. ನಾನ ಬಾಯಿ ಬಿಡಿಸಿ ಜಗ್ಗಿದ್ನಿ.”

ಪೇಪರಿನ ಕೆಳಗಿನ ಬಾಲ, ಮೋಟು ಗರಿ, ಕಾಗೆಗಳು, ಎಲ್ಲವನ್ನೂ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ಅಪ್ಪ ತಲೆ ತಗ್ಗಿಸಿದರು.

“ಜಯಕುಮಾರ, ನಿನಗ ಗೊತ್ತಿತ್ತೇನು?”

“ನಿನ್ನೆ ಸಂಜಿಕೆ ತಿಳೀತ್ರಿ ಅವ್ವಾ.”

ಆಜಿ ಗೋಡೆ ಹಿಡಿದುಕೊಂಡರು. “ನಾ ನೀರ ಕುಡದಿದ್ದು ಅವುಗಳ ಜೀವದ ಮ್ಯಾಲ,” ಎಂದರು. ಯಾರಿಗೂ ಹೇಳಿದಂತಿರಲಿಲ್ಲ. ಆಮೇಲೆ ಋತುಜಾಳ ಹೆಗಲ ಮೇಲೆ ಕೈಯಿಟ್ಟರು. “ನಡಿ. ತೋರಸು ನನಗ.”

ಓಣಿ ದಾಟಲು ಅವರಿಗೆ ಬಹಳ ಹೊತ್ತು ಹಿಡಿಯಿತು.

“ಅಯ್ಯ ಆಜಿ! ನನಗ ಕರೀಬಾರದೇನ್ರಿ, ನೀವ ಯಾಕ ಬಂದ್ರಿ? ಬರ್ರಿ, ಕುಂದ್ರಿ,” ಎಂದು ಅಲಕಾ ಮಾವಶಿ ಕುರ್ಚಿ ಎಳೆದಳು. ಕಾಕಟೀಲ್ ಕುಕ್ಕರಿನ ಸೀಟಿ ಹೊಡೆಯಿತು. ಯಾರೂ ನಗಲಿಲ್ಲ.

ಆಜಿ ಕುರ್ಚಿ ಬಿಟ್ಟು ನೆಲದ ಮೇಲೆ, ಬಾಕ್ಸಿನ ಮುಂದೆ ಕುಳಿತರು. ಒಳಗೆ ಬಲ್ಬಿನ ಬೆಚ್ಚಗಿನ ಬೆಳಕಿನಲ್ಲಿ ಗಿಳಿ ಮೈ ಉಬ್ಬಿಸಿಕೊಂಡು ಮೂಲೆ ಹಿಡಿದಿತ್ತು. ಆಜಿ ಕೈಮುಗಿದರು.

“ಉತ್ತಮ ಕ್ಷಮಾ, ತಾಯಿ.”

ಹೇಳಿ ಕೈ ಹಾಗೆಯೇ ಹಿಡಿದಿದ್ದರು. ಎದುರಿನವರು ತಿರುಗಿ ಹೇಳುವವರೆಗೆ ಕೈ ಇಳಿಸಬಾರದು ಎಂದು ಋತುಜಾಳಿಗೆ ಕಲಿಸಿದವರು ಅವರೇ. ಗಿಳಿ ಏನೂ ಹೇಳಲಿಲ್ಲ. ಆಜಿ ಕೈ ಇಳಿಸಲಿಲ್ಲ. ಹಾಗೆಯೇ ಣಮೋಕಾರ ಮಂತ್ರ ಶುರು ಮಾಡಿದರು, ಸಾಯುವ ಜೀವದ ಕಿವಿಯಲ್ಲಿ ಹೇಳುವಷ್ಟು ಸಣ್ಣ ದನಿಯಲ್ಲಿ.

“ಬದುಕ್ತೈತೇನ್ರಿ ಮಾವಶಿ?” ಋತುಜಾ ಪಿಸುಗುಟ್ಟಿದಳು.

“ಹೇಳಾಕ ಬರಂಗಿಲ್ಲ. ಗಾಯ ಆಳ ಐತಿ. ಬದುಕಿದ್ರೂ ಗರಿ ಬರಾಕ ಭಾಳ ತಿಂಗಳ ಬೇಕು. ಕಾಡಿನ ಗಿಣಿ ನಾವ್ ಮನ್ಯಾಗ ಇಟ್ಕೊಳ್ಳುವಂಗಿಲ್ಲ, ಕಾಯ್ದೆ ಐತಿ. ಫಾರೆಸ್ಟ್‌ನವ್ರು ಈಗ ಬಂದು ದವಾಖಾನಿಗೆ ಒಯ್ತಾರ.”

ಹೊರಗೆ ಜೀಪಿನ ಹಾರ್ನ್ ಕೇಳಿಸಿತು. ಮಾವಶಿ ಒಯ್ಯುವ ಪಂಜರವನ್ನು ಬಾಕ್ಸಿನ ಬಾಯಿಗೆ ತಂದಿಟ್ಟಳು. ಗಿಳಿ ಹಿಂದೆ ಸರಿಯಿತು. ಕುತ್ತಿಗೆ ಚಾಚಿ ಬಾಕ್ಸಿನ ರಟ್ಟನ್ನು ಕೊಕ್ಕಿನಿಂದ ಗಟ್ಟಿಯಾಗಿ ಕಚ್ಚಿ ಹಿಡಿಯಿತು.

“ಬಂದ್ರು ನೋಡ್. ಋತುಜಾ, ನಿನ್ನ ಕೈ ಸಣ್ಣದೈತಿ. ಹಗೂರಕ ಬಿಡಸು.”

ಋತುಜಾ ಕೈ ಒಳಗೆ ಹಾಕಿದಳು. ಬೆರಳು ಕೊಕ್ಕಿನ ಹತ್ತಿರ ಹೋಯಿತು. ಗಿಳಿ ಒಂದೇ ಕಣ್ಣಿನಿಂದ ಅವಳನ್ನು ನೋಡಿತು.

ಅವಳ ಬೆರಳು ಅಲ್ಲಿಯೇ ನಿಂತಿತು. ಮೆಲ್ಲಗೆ ಅಂಗೈ ಮೇಲೆ ಮಾಡಿ, ಗಿಳಿಯಿಂದ ಸ್ವಲ್ಪ ದೂರ, ಬಾಕ್ಸಿನ ತಳದಲ್ಲಿ ಕೈ ಇಟ್ಟಳು.

ಹಾರ್ನ್ ಮತ್ತೆ ಕೇಳಿಸಿತು.

“ಲಗೂನ ಬೇಟಾ, ಅವ್ರು ನಿಂತಾರ.”

“ನಿಲ್ಲಲಿ ಬಿಡವಾ,” ಎಂದರು ಆಜಿ. ಅವರ ಕೈಗಳು ಇನ್ನೂ ಮುಗಿದೇ ಇದ್ದವು.

ಗಿಳಿ ರಟ್ಟು ಬಿಡಲಿಲ್ಲ. ಋತುಜಾ ಕೈ ಅಲುಗಿಸದೆ, ಉಸಿರು ಸಣ್ಣದು ಮಾಡಿಕೊಂಡು, ಅದು ತಾನಾಗಿ ಬಿಡುವವರೆಗೆ ಕಾಯುತ್ತ ಕುಳಿತಳು.